ಕೊನೆಯ ಹತ್ತು ಮಾರು

ಹುಬ್ಬಳ್ಳಿ–ಧಾರವಾಡ ಅವಳಿ ನಗರಗಳ ಜನರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭಾ ನದಿಗೆ ಅಡ್ಡಲಾಗಿ ಕಟ್ಟಿರುವ ಜಲಾಶಯದಿಂದ ಈ ನಗರಗಳಿಗೆ ನೀರು ಬರುತ್ತದೆ. ಜಲಾಶಯವು ತುಂಬಿ ತುಳುಕುತ್ತಿದ್ದರೂ, ಮನೆಯ ನಲ್ಲಿಗೆ ಸೇರುವ ಕೊಳವೆ ತುಕ್ಕು ಹಿಡಿದು ಕಿರಿದಾಗಿದ್ದರೆ, ಒಂದು ಕೊಡ ತುಂಬುವುದಕ್ಕೂ ಬಹಳ ಹೊತ್ತು ಕಾಯಬೇಕಾಗುತ್ತದೆ. 2008ರಲ್ಲಿ ಈ ಅವಳಿ ನಗರಗಳ ಕೆಲವು ವಾರ್ಡುಗಳಲ್ಲಿ ದಿನದ ಇಪ್ಪತ್ತನಾಲ್ಕು ಗಂಟೆಯೂ ನೀರನ್ನು ಒದಗಿಸುವ ವ್ಯವಸ್ಥೆ ಆರಂಭವಾಯಿತು. ಅದಕ್ಕಾಗಿ ಆ ವಾರ್ಡುಗಳ ಬೀದಿಗಳಲ್ಲಿ ಹೊಸ ಕೊಳವೆಗಳನ್ನು ಹೂಳಲಾಯಿತು. ಮನೆಮನೆಯ ಜೋಡಣೆಯನ್ನೂ ಹೊಸದಾಗಿ ಮಾಡಲಾಯಿತು. ಮೂಲವು ಎಷ್ಟೇ ಸಮೃದ್ಧವಾಗಿದ್ದರೂ ಕೊನೆಯ ಕೊಳವೆ ಸರಿಯಾಗಿಲ್ಲದಿದ್ದರೆ ಅದರ ಪ್ರಯೋಜನ ಮನೆಗೆ ದೊರೆಯದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಇಂದು ಮನೆಗಳಿಗೆ ನೀರಿನಂತೆಯೇ ಇನ್ನೊಂದು ಪ್ರವಾಹವೂ ಹರಿದು ಬರುತ್ತಿದೆ. ಅದು ಮಾಹಿತಿಯ ಪ್ರವಾಹ. ಅಂತರ್ಜಾಲ ಎಂಬ ಜಗದ್ವ್ಯಾಪಿ ಜಾಲದ ಮೂಲಕ ಪತ್ರ, ಚಿತ್ರ, ಧ್ವನಿ, ಪಾಠ, ಅರ್ಜಿ, ಹಣದ ವ್ಯವಹಾರ ಎಲ್ಲವೂ ಸಾಗುತ್ತವೆ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ರೋಗದ ಕಾರಣದಿಂದ ಶಾಲೆಗಳು ಮುಚ್ಚಿದಾಗ ಅನೇಕ ವಿದ್ಯಾರ್ಥಿಗಳ ಪಾಲಿಗೆ ಈ ಜಾಲವೇ ತರಗತಿಯಾಯಿತು. ಪಾಠದ ನಡುವೆ ಶಿಕ್ಷಕರ ಮಾತು ತುಂಡುತುಂಡಾಗಿ ಕೇಳಿದಾಗ, ಅರ್ಜಿ ಸಲ್ಲಿಸುವ ಕೊನೆಯ ದಿನ ಪುಟವು ತೆರೆಯದೆ ಹೋದಾಗ ಉಂಟಾದ ಕಳವಳವನ್ನು ಅಂದಿನ ಮಕ್ಕಳೂ ತಂದೆತಾಯಿಗಳೂ ಚೆನ್ನಾಗಿ ಬಲ್ಲರು.

ಇಂಥ ಹೊತ್ತಿನಲ್ಲಿ ಮನೆಯವರು ಸಾಮಾನ್ಯವಾಗಿ ಎರಡು ಬಗೆಯ ತೀರ್ಮಾನಕ್ಕೆ ಬರುತ್ತಾರೆ. ಕೆಲವರು ಅಂತರ್ಜಾಲ ಸೇವೆಯನ್ನು ಒದಗಿಸುವವರನ್ನು ದೂರಿ, ಹೆಚ್ಚು ಹಣ ತೆತ್ತು ಹೆಚ್ಚಿನ ವೇಗದ ಯೋಜನೆಗೆ ಸೇರುತ್ತಾರೆ. ಇನ್ನು ಕೆಲವರು ಯಾರದೋ ಮಾತು ಕೇಳಿ ಮನೆಯ ತಂತಿಗಳನ್ನೆಲ್ಲ ಕಿತ್ತು, ಅಂಗಡಿಯಲ್ಲಿ ದೊರೆಯುವ ಅತ್ಯಂತ ದುಬಾರಿಯಾದ ಕೇಬಲ್ಲನ್ನು ಹಾಕಿಸುತ್ತಾರೆ. ಎರಡೂ ಕೆಲವೊಮ್ಮೆ ಸರಿಯಾದೀತು; ಎರಡೂ ಕೆಲವೊಮ್ಮೆ ವ್ಯರ್ಥವಾದೀತು. ಹಾಗಾದರೆ ಮನೆಯೊಳಗಿನ ತಂತಿಗೂ ಅಂತರ್ಜಾಲದ ವೇಗಕ್ಕೂ ಸಂಬಂಧವುಂಟೇ? ಉಂಟಾದರೆ ಅದು ಎಂಥದು?

ಈ ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ ‘ವೇಗ’ ಎಂಬ ಪದದ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಬಸ್ಸಿನ ವೇಗವೆಂದರೆ ಅದು ಒಂದು ಗಂಟೆಯಲ್ಲಿ ಕ್ರಮಿಸುವ ದೂರ. ಅಂತರ್ಜಾಲದ ವೇಗ ಹಾಗಲ್ಲ. ಅದು ಒಂದು ಸೆಕೆಂಡಿನಲ್ಲಿ ಬಂದು ತಲಪುವ ಮಾಹಿತಿಯ ಪ್ರಮಾಣ. ಮಾಹಿತಿಯ ಅತಿ ಸಣ್ಣ ಘಟಕಕ್ಕೆ ‘ಬಿಟ್’ ಎಂದು ಹೆಸರು. ಎಂಟು ಬಿಟ್‌ಗಳು ಸೇರಿದರೆ ಒಂದು ‘ಬೈಟ್’. ಹತ್ತು ಲಕ್ಷ ಬಿಟ್‌ಗಳು ಒಂದು ಮೆಗಾಬಿಟ್. ಸೆಕೆಂಡಿಗೆ 100 ಮೆಗಾಬಿಟ್ ವೇಗವಿದ್ದರೆ ಒಂದು ಸೆಕೆಂಡಿನಲ್ಲಿ ಹನ್ನೆರಡೂವರೆ ಮೆಗಾಬೈಟ್ ಮಾಹಿತಿ ದೊರೆಯುತ್ತದೆ. 1000 ಮೆಗಾಬೈಟ್ ಗಾತ್ರದ ಒಂದು ಚಲನಚಿತ್ರವನ್ನು ಈ ವೇಗದಲ್ಲಿ 80 ಸೆಕೆಂಡುಗಳಲ್ಲಿ ಪಡೆಯಬಹುದು. ಸೆಕೆಂಡಿಗೆ 10 ಮೆಗಾಬಿಟ್ ಮಾತ್ರ ಬರುತ್ತಿದ್ದರೆ ಅದಕ್ಕೇ 800 ಸೆಕೆಂಡು, ಅಂದರೆ ಹದಿಮೂರು ನಿಮಿಷಕ್ಕೂ ಹೆಚ್ಚು ಕಾಲ ಬೇಕು.

ಸಂಕೇತವು ತಂತಿಯಲ್ಲಿ ಓಡುವ ವೇಗವೇ ಬೇರೆ. ತಾಮ್ರದ ಕೇಬಲ್ಲಿನಲ್ಲಿ ವಿದ್ಯುತ್ ಸಂಕೇತವೂ ಗಾಜಿನ ಎಳೆಯಲ್ಲಿ ಬೆಳಕೂ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರುಗಳಷ್ಟು ದೂರ ಸಾಗುತ್ತವೆ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವಣ ಸುಮಾರು 20 ಕಿಲೋಮೀಟರು ದೂರವನ್ನು ದಾಟಲು ಸಂಕೇತಕ್ಕೆ ಬೇಕಾಗುವ ಕಾಲ ಒಂದು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗ. ಹೀಗಿರುವಾಗ ಮನೆಯ ಗೋಡೆಯೊಳಗಿನ ತಂತಿ ಹತ್ತು ಮಾರು ಇದ್ದರೇನು, ಇಪ್ಪತ್ತು ಮಾರು ಇದ್ದರೇನು? ಒಂದು ಮಾರೆಂದರೆ ಎರಡೂ ಕೈಗಳನ್ನು ಚಾಚಿದಾಗಿನ ಅಳತೆ, ಸುಮಾರು ಆರು ಅಡಿ. ಅಷ್ಟು ದೂರದ ಓಟದಿಂದ ಆಗುವ ವಿಳಂಬ ಮನುಷ್ಯನ ಅನುಭವಕ್ಕೆ ಬರುವಂಥದಲ್ಲ. ಆದುದರಿಂದ ‘ತಂತಿ ಉದ್ದವಾಗಿದೆ, ಅದಕ್ಕೇ ನಿಧಾನ’ ಎಂಬ ಮಾತು ಸಾಮಾನ್ಯ ಮನೆಯ ಮಟ್ಟಿಗೆ ನಿಜವಲ್ಲ. ಮಾಹಿತಿಯ ಪ್ರಮಾಣವನ್ನು ತಂತಿಯು ಕುಗ್ಗಿಸುತ್ತದೆಯೇ ಎಂಬುದೇ ನಿಜವಾದ ಪ್ರಶ್ನೆ.

ಮಾಹಿತಿಯು ಮನೆಗೆ ಬರುವ ದಾರಿಯನ್ನು ಒಮ್ಮೆ ಅವಲೋಕಿಸಬೇಕು. ದೂರದೇಶದ ಗಣಕಯಂತ್ರದಿಂದ ಹೊರಟ ಮಾಹಿತಿ ಸಮುದ್ರತಳದಲ್ಲಿ ಹಾಸಿರುವ ಕೇಬಲ್ಲುಗಳಲ್ಲಿ ಸಾಗಿ ಮುಂಬಯಿ, ಚೆನ್ನೈಯಂಥ ಕರಾವಳಿ ನಗರಗಳಲ್ಲಿ ದಡ ಸೇರುತ್ತದೆ. ಅಲ್ಲಿಂದ ನೆಲದಡಿಯ ಗಾಜಿನ ಎಳೆಗಳ ಮೂಲಕ ಊರಿಗೆ, ಊರಿನ ಕೇಂದ್ರದಿಂದ ಬೀದಿಗೆ, ಬೀದಿಯಿಂದ ಮನೆಗೆ ಬರುತ್ತದೆ. ಮನೆಯಲ್ಲಿ ಒಂದು ಚಿಕ್ಕ ಪೆಟ್ಟಿಗೆ ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸುತ್ತದೆ. ‘ರೂಟರ್’ ಎಂಬ ಉಪಕರಣ ಅದನ್ನು ಮನೆಯ ಬೇರೆಬೇರೆ ಯಂತ್ರಗಳಿಗೆ ಹಂಚುತ್ತದೆ. ರೂಟರಿನಿಂದ ಗಣಕಯಂತ್ರದವರೆಗಿನ ದಾರಿ ತಂತಿಯದಾಗಿರಬಹುದು, ಇಲ್ಲವೇ ವೈಫೈ ಎಂಬ ರೇಡಿಯೋ ಅಲೆಗಳದಾಗಿರಬಹುದು. ಸಾವಿರಾರು ಮೈಲಿಗಳ ಈ ಯಾತ್ರೆಯಲ್ಲಿ ಮನೆಯವರ ಅಧೀನದಲ್ಲಿರುವುದು ಕೊನೆಯ ಹತ್ತು ಮಾರು ಮಾತ್ರ.

ಕೆರೆಯ ತೂಬು ಎಷ್ಟು ದೊಡ್ಡದೋ ಅಷ್ಟೇ ನೀರು ಕಾಲುವೆಗೆ ಇಳಿಯುತ್ತದೆ. ಮುಂದಿನ ಕಾಲುವೆಯನ್ನು ಎಷ್ಟು ಅಗಲ ಮಾಡಿದರೂ ತೂಬಿನಿಂದ ಬಂದುದಕ್ಕಿಂತ ಹೆಚ್ಚು ನೀರು ಅದರಲ್ಲಿ ಹರಿಯದು. ಅಂತರ್ಜಾಲದ ದಾರಿಯ ನಿಯಮವೂ ಇದೇ. ದಾರಿಯ ಎಲ್ಲ ಭಾಗಗಳಲ್ಲಿ ಯಾವುದು ಅತ್ಯಂತ ಇಕ್ಕಟ್ಟಾಗಿದೆಯೋ ಅದರ ಸಾಮರ್ಥ್ಯವೇ ಇಡೀ ದಾರಿಯ ಸಾಮರ್ಥ್ಯ. ಆ ಇಕ್ಕಟ್ಟು ಮನೆಯ ತಂತಿಯಲ್ಲಿದ್ದರೆ ತಂತಿಯನ್ನು ಸರಿಪಡಿಸುವುದರಿಂದ ವೇಗ ಹೆಚ್ಚುತ್ತದೆ. ಬೇರೆಲ್ಲೋ ಇದ್ದರೆ ತಂತಿಯನ್ನು ಬದಲಿಸುವುದರಿಂದ ಏನೂ ಆಗದು.

ಈಗ ಆ ತಂತಿಯನ್ನೇ ಬಿಚ್ಚಿ ನೋಡಬೇಕು. ಮನೆಗಳಲ್ಲಿ ಬಳಸುವ ಜಾಲದ ಕೇಬಲ್ಲಿನ ಹೊದಿಕೆಯನ್ನು ಸುಲಿದರೆ ಒಳಗೆ ಎಂಟು ಸಣ್ಣ ತಂತಿಗಳು ಕಾಣುತ್ತವೆ. ಕಿತ್ತಳೆ, ಹಸಿರು, ನೀಲಿ, ಕಂದು ಬಣ್ಣದ ಒಂದೊಂದು ತಂತಿ. ಅದರ ಜೊತೆಗೆ ಬಿಳಿಯೊಡನೆ ಅದೇ ಬಣ್ಣದ ಪಟ್ಟೆಯಿರುವ ಇನ್ನೊಂದು ತಂತಿ. ಹೀಗೆ ನಾಲ್ಕು ಜೋಡಿಗಳು. ಪ್ರತಿಯೊಂದು ಜೋಡಿಯ ತಂತಿಗಳನ್ನೂ ಹಗ್ಗ ಹೊಸೆದಂತೆ ಒಂದಕ್ಕೊಂದು ಹೆಣೆದಿರುತ್ತಾರೆ.

ಈ ಹೆಣಿಕೆಯ ಉದ್ದೇಶ ಬರಿಯ ಅಚ್ಚುಕಟ್ಟುತನವಲ್ಲ. ದೂರವಾಣಿಯ ಜನಕನೆಂದು ಪ್ರಸಿದ್ಧನಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಹೆಣೆದ ಜೋಡಿತಂತಿಗೆ 1881ರಲ್ಲಿ ಅಮೆರಿಕದ ಪೇಟೆಂಟನ್ನು ಪಡೆದನು. ಅಕ್ಕಪಕ್ಕದ ತಂತಿಗಳಲ್ಲಿ ಹರಿಯುವ ವಿದ್ಯುತ್ತು ದೂರವಾಣಿಯ ತಂತಿಯಲ್ಲಿ ಬೇಡವಾದ ಸದ್ದನ್ನು ಉಂಟುಮಾಡುತ್ತಿದ್ದಿತು. ಎರಡು ತಂತಿಗಳನ್ನು ಹೆಣೆದಾಗ ಹೊರಗಿನ ಉಪದ್ರವ ಎರಡರ ಮೇಲೂ ಹೆಚ್ಚುಕಡಿಮೆ ಸಮನಾಗಿ ಬೀಳುತ್ತದೆ. ಸಂಕೇತವನ್ನು ಸ್ವೀಕರಿಸುವ ಉಪಕರಣ ಎರಡು ತಂತಿಗಳ ನಡುವಣ ವ್ಯತ್ಯಾಸವನ್ನು ಮಾತ್ರ ಗ್ರಹಿಸುತ್ತದೆ. ಎರಡರಲ್ಲೂ ಸಮನಾಗಿರುವ ಉಪದ್ರವ ಹೀಗೆ ತಾನಾಗಿ ಕಳೆದುಹೋಗುತ್ತದೆ. ನಾಲ್ಕು ಜೋಡಿಗಳೂ ಪರಸ್ಪರ ಬಾಧಿಸದಂತೆ ಒಂದೊಂದು ಜೋಡಿಯ ಹೆಣಿಕೆಯನ್ನು ಬೇರೆಬೇರೆ ಅಂತರದಲ್ಲಿ ಮಾಡಿರುತ್ತಾರೆ. ಶತಮಾನಕ್ಕೂ ಹಿಂದಿನ ಆ ಯುಕ್ತಿ ಇಂದಿಗೂ ಮನೆಮನೆಯ ಗೋಡೆಯಲ್ಲಿ ಕೆಲಸ ಮಾಡುತ್ತಿದೆ.

ಹೆಣಿಕೆ ಸಡಿಲವಾದರೆ, ತುದಿಯಲ್ಲಿ ಅರ್ಧ ಅಂಗುಲಕ್ಕಿಂತ ಹೆಚ್ಚು ಉದ್ದಕ್ಕೆ ಅದನ್ನು ಬಿಚ್ಚಿದರೆ, ಕೇಬಲ್ಲನ್ನು ಬಾಗಿಲಿನ ಸಂದಿಯಲ್ಲಿ ಸಿಕ್ಕಿಸಿ ಜಜ್ಜಿದರೆ, ಮೊಳೆ ಹೊಡೆಯುವಾಗ ಗಾಯಗೊಳಿಸಿದರೆ ಸಂಕೇತ ಕೆಡುತ್ತದೆ. ಇಲ್ಲಿ ನೀರಿನ ಹೋಲಿಕೆ ಪೂರ್ಣವಾಗಿ ಹೊಂದುವುದಿಲ್ಲ. ಒಡೆದ ಕೊಳವೆಯಿಂದ ಸೋರಿದ ನೀರು ಮತ್ತೆ ಬಾರದು. ಕೆಟ್ಟುಹೋದ ಮಾಹಿತಿಯನ್ನಾದರೋ ಯಂತ್ರಗಳು ಸಾಮಾನ್ಯವಾಗಿ ಮತ್ತೊಮ್ಮೆ ಕೇಳಿ ತರಿಸಿಕೊಳ್ಳುತ್ತವೆ. ಒಂದೇ ಮಾತನ್ನು ಎರಡೆರಡು ಸಲ ಹೇಳಿಸಿಕೊಂಡರೆ ಸಂಭಾಷಣೆ ಹೇಗೆ ನಿಧಾನವಾಗುವುದೋ ಹಾಗೆಯೇ ಜಾಲವೂ ನಿಧಾನವಾಗುತ್ತದೆ.

ಕೇಬಲ್ಲುಗಳನ್ನು ಅವುಗಳ ಸಾಮರ್ಥ್ಯಕ್ಕೆ ಅನುಗುಣವಾಗಿ ವರ್ಗೀಕರಿಸಲಾಗಿದೆ. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲಾಗಲಿ ಬೇರೆ ಯಾವ ಪೇಟೆಯಲ್ಲಾಗಲಿ ಕೇಬಲ್ಲನ್ನು ಕೊಳ್ಳುವವರು ಅದರ ಹೊದಿಕೆಯ ಮೇಲೆ ‘ಕ್ಯಾಟ್ 5ಇ’, ‘ಕ್ಯಾಟ್ 6’ ಎಂಬ ಗುರುತುಗಳನ್ನು ಕಾಣಬಹುದು. ಕ್ಯಾಟ್ 5ಇ ಕೇಬಲ್ಲು 100 ಮೀಟರುಗಳವರೆಗೆ ಸೆಕೆಂಡಿಗೆ 1000 ಮೆಗಾಬಿಟ್ ಮಾಹಿತಿಯನ್ನು ಒಯ್ಯಬಲ್ಲದು. ಕ್ಯಾಟ್ 6 ಕೇಬಲ್ಲು ಸುಮಾರು 55 ಮೀಟರುಗಳವರೆಗೆ ಅದರ ಹತ್ತರಷ್ಟನ್ನು ಒಯ್ಯಬಲ್ಲದು. ಈ ಮಿತಿಯ ದೂರವನ್ನು ಅಂದಾಜು ಮಾಡಲು ಹುಬ್ಬಳ್ಳಿಯ ರೈಲು ನಿಲ್ದಾಣವೇ ಸಾಕು. 2023ರ ಮಾರ್ಚ್ ತಿಂಗಳಲ್ಲಿ ಲೋಕಾರ್ಪಣೆಗೊಂಡ ಅಲ್ಲಿಯ ಪ್ಲಾಟ್‌ಫಾರಂ 1507 ಮೀಟರು ಉದ್ದವಾಗಿದೆ. ಅದರ ಹದಿನೈದನೆಯ ಒಂದು ಭಾಗದಷ್ಟು ದೂರಕ್ಕೆ ಒಂದು ತಾಮ್ರದ ಕೇಬಲ್ಲು ನಿರಾತಂಕವಾಗಿ ಕೆಲಸ ಮಾಡುತ್ತದೆ. ಅಷ್ಟು ದೊಡ್ಡ ಮನೆಗಳು ಎಷ್ಟಿವೆ? ಅದಕ್ಕಿಂತ ಹೆಚ್ಚಿನ ದೂರಕ್ಕೆ ಗಾಜಿನ ಎಳೆಯೇ ತಕ್ಕುದು.

ಗಾಜಿನ ಎಳೆಯಲ್ಲಿ ಬೆಳಕನ್ನು ಹಾಯಿಸುವ ವಿದ್ಯೆಯ ಬೆಳವಣಿಗೆಯಲ್ಲಿ ಭಾರತೀಯರೊಬ್ಬರ ಪಾಲೂ ಉಂಟು. ಪಂಜಾಬಿನಲ್ಲಿ ಜನಿಸಿದ ನರಿಂದರ್ ಸಿಂಗ್ ಕಪಾನಿಯವರು ಇಂಗ್ಲೆಂಡಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಅವರೊಡನೆ ಕೂಡಿ, ಗಾಜಿನ ಎಳೆಗಳ ಕಂತೆಯ ಮೂಲಕ ಬಿಂಬವನ್ನು ಸಾಗಿಸಿದ ಸಂಶೋಧನೆಯನ್ನು 1954ರಲ್ಲಿ ಪ್ರಕಟಿಸಿದರು. ಶುದ್ಧವಾದ ಗಾಜಿನಲ್ಲಿ ಬೆಳಕಿನ ಸಂಕೇತವನ್ನು ಬಹುದೂರ ಕಳುಹಿಸಬಹುದೆಂದು 1966ರಲ್ಲಿ ತೋರಿಸಿದ ಚಾರ್ಲ್ಸ್ ಕಾವೋ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಹಿಂದಿನ ದಿನಗಳಲ್ಲಿ ಮನೆಯ ತಂತಿಯ ಪ್ರಭಾವ ಇಂದಿಗಿಂತ ಹೆಚ್ಚಾಗಿತ್ತು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ 1995ರ ಆಗಸ್ಟ್ 15ರಂದು ಆರಂಭವಾಯಿತು. 2004ರ ಸರ್ಕಾರಿ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಸಾಕು, ಅದು ‘ಬ್ರಾಡ್‌ಬ್ಯಾಂಡ್’ ಎನಿಸಿಕೊಳ್ಳುತ್ತಿದ್ದಿತು. 2023ರಲ್ಲಿ ಈ ಕನಿಷ್ಠ ಮಿತಿಯನ್ನು 2 ಮೆಗಾಬಿಟ್‌ಗೆ ಏರಿಸಲಾಯಿತು. ಆರಂಭದ ಆ ವರ್ಷಗಳಲ್ಲಿ ದೂರವಾಣಿಯ ತಾಮ್ರದ ತಂತಿಯೇ ಅಂತರ್ಜಾಲವನ್ನೂ ಹೊತ್ತು ತರುತ್ತಿದ್ದಿತು. ದೂರವಾಣಿ ಕೇಂದ್ರದಿಂದ ಮನೆ ದೂರವಾದಷ್ಟೂ ಸಂಕೇತ ಕ್ಷೀಣಿಸುತ್ತಿದ್ದಿತು. ಧಾರವಾಡದ ಮಳೆಗಾಲದ ತೇವ ತಂತಿಯ ಬೆಸುಗೆಗಳೊಳಗೆ ಇಳಿದರೆ, ಗೋಡೆಯ ಪೆಟ್ಟಿಗೆಯಲ್ಲಿ ತಂತಿಯ ತುದಿ ಹಸಿರುಗಟ್ಟಿದರೆ, ಒಂದೇ ತಂತಿಗೆ ಎರಡು ಮೂರು ದೂರವಾಣಿಗಳನ್ನು ಹೇಗೆಂದರೆ ಹಾಗೆ ಜೋಡಿಸಿದ್ದರೆ ವೇಗ ತಟ್ಟನೆ ಕುಸಿಯುತ್ತಿದ್ದಿತು. ‘ತಂತಿ ಸರಿಮಾಡಿಸಿದರೆ ಅಂತರ್ಜಾಲ ಸರಿಹೋಗುತ್ತದೆ’ ಎಂಬ ನಂಬಿಕೆ ಹಿಂದಿನವರಲ್ಲಿ ಬೇರೂರಿದ್ದರೆ ಅದಕ್ಕೆ ಇಂಥ ಅನುಭವವೇ ಆಧಾರ.

ಗಾಜಿನ ಎಳೆಯು ಮನೆಯ ಬಾಗಿಲಿಗೇ ಬಂದಿರುವ ಕಡೆಗಳಲ್ಲಿ ಪರಿಸ್ಥಿತಿ ಬೇರೆ. ಮನೆಯ ಯೋಜನೆ ಸೆಕೆಂಡಿಗೆ 50 ಮೆಗಾಬಿಟ್‌ನದು, ಮನೆಯ ಕೇಬಲ್ಲು 1000 ಮೆಗಾಬಿಟ್ ಒಯ್ಯಬಲ್ಲ ಕ್ಯಾಟ್ 5ಇ ಎಂದಿಟ್ಟುಕೊಳ್ಳೋಣ. ಅದನ್ನು ತೆಗೆದು ಕ್ಯಾಟ್ 6 ಹಾಕಿಸಿದರೆ ಅಂತರ್ಜಾಲದ ವೇಗ ಎಳ್ಳಷ್ಟೂ ಹೆಚ್ಚದು. ತೂಬು ಕಿರಿದಾಗಿರುವಾಗ ಕಾಲುವೆಯನ್ನು ಅಗಲಿಸಿದಂತೆಯೇ ಇದು. ಚಿನ್ನದ ಲೇಪನದ ತುದಿಯಾಗಲಿ, ಹೆಚ್ಚು ಬೆಲೆಯ ಹೊದಿಕೆಯಾಗಲಿ ಇಲ್ಲದ ಮಾಹಿತಿಯನ್ನು ಸೃಷ್ಟಿಸಲಾರದು.

ಆದರೆ ಅದೇ ಕೇಬಲ್ಲಿನಲ್ಲಿ ಒಂದೇ ಒಂದು ಸಣ್ಣ ತಂತಿ ತುಂಡಾದರೆ? ಇಲ್ಲಿ ಒಂದು ಸ್ವಾರಸ್ಯವಿದೆ. ಸೆಕೆಂಡಿಗೆ 1000 ಮೆಗಾಬಿಟ್ ಸಾಗಿಸಲು ನಾಲ್ಕು ಜೋಡಿಗಳೂ ಬೇಕು. 100 ಮೆಗಾಬಿಟ್ ಸಾಗಿಸಲು ಎರಡು ಜೋಡಿಗಳು ಸಾಕು. ನೀಲಿ ಅಥವಾ ಕಂದು ಜೋಡಿಯ ತಂತಿಯೊಂದು ತುದಿಯಲ್ಲಿ ಬಿಟ್ಟುಹೋದರೆ ಬಹುಪಾಲು ಯಂತ್ರಗಳು ಕೆಲಸ ನಿಲ್ಲಿಸುವುದಿಲ್ಲ. ಸದ್ದಿಲ್ಲದೆ 100 ಮೆಗಾಬಿಟ್ ಮಟ್ಟಕ್ಕೆ ಇಳಿದುಬಿಡುತ್ತವೆ. ಮನೆಯವರು 50 ಮೆಗಾಬಿಟ್‌ಗೆ ಹಣ ತೆರುತ್ತಿದ್ದರೆ ಈ ದೋಷ ಅವರ ಗಮನಕ್ಕೇ ಬಾರದು. ಅವರು 200 ಮೆಗಾಬಿಟ್ ಯೋಜನೆಗೆ ಸೇರಿದ ದಿನ ಅದು ಬಯಲಾಗುತ್ತದೆ. ಅಳತೆ ಮಾಡಿದಾಗ ವೇಗ 94 ಅಥವಾ 95ರ ಸುತ್ತ ಬಂದು, ಅಲ್ಲಿಂದ ಮೇಲೇಳದೆ ನಿಲ್ಲುವುದು ಈ ದೋಷದ ಗುರುತು. ಕಡಮೆ ಬೆಲೆಯ ಕೆಲವು ರೂಟರುಗಳ ಜೋಡಣೆಯ ಸಾಮರ್ಥ್ಯವೇ 100 ಮೆಗಾಬಿಟ್ ಆಗಿರುವುದುಂಟು. ಆಗಲೂ ಇದೇ ಅಂಕೆ ಕಾಣುತ್ತದೆ. ತಂತಿಯನ್ನು ದೂರುವ ಮುನ್ನ ಅದನ್ನೂ ವಿಚಾರಿಸಬೇಕು.

ತಾಮ್ರದ ಹೆಸರಿನಲ್ಲಿ ಮಾರಾಟವಾಗುವ ಕೆಲವು ಅಗ್ಗದ ಕೇಬಲ್ಲುಗಳ ಒಳಗೆ ಅಲ್ಯೂಮಿನಿಯಂ ಇದ್ದು, ಅದರ ಮೇಲೆ ತಾಮ್ರದ ತೆಳುವಾದ ಪದರ ಮಾತ್ರ ಇರುತ್ತದೆ. ಅಲ್ಯೂಮಿನಿಯಂ ತಾಮ್ರದಷ್ಟು ಒಳ್ಳೆಯ ವಾಹಕವಲ್ಲ. ಬಾಗಿಸಿದರೆ ಬೇಗ ಮುರಿಯುತ್ತದೆ. ಇಂಥ ಕೇಬಲ್ಲು ಕ್ಯಾಟ್ ವರ್ಗಗಳ ನಿಯಮಕ್ಕೆ ಹೊಂದುವುದಿಲ್ಲ. ಹೆಚ್ಚು ಬೆಲೆಯ ಕೇಬಲ್ಲು ಬೇಕಾಗಿಲ್ಲದಿರಬಹುದು. ಅಪ್ಪಟ ತಾಮ್ರದ ಕೇಬಲ್ಲು ಬೇಕು.

ತಂತಿಯನ್ನೇ ಬಳಸದ ಮನೆಗಳೂ ಬಹಳ. ಅಲ್ಲಿ ಕೊನೆಯ ಹತ್ತು ಮಾರು ದಾರಿ ಗಾಳಿಯಲ್ಲಿದೆ. ವೈಫೈ ಅಲೆಗಳು ದೂರ ಹೋದಂತೆ ಕ್ಷೀಣಿಸುತ್ತವೆ. ಗೋಡೆಯನ್ನು ಹಾಯುವಾಗ ಇನ್ನಷ್ಟು ಸೊರಗುತ್ತವೆ. ಧಾರವಾಡದ ಹಳೆಯ ಮನೆಗಳ ದಪ್ಪನೆಯ ಕಲ್ಲುಮಣ್ಣಿನ ಗೋಡೆಗಳು ಬೇಸಗೆಯಲ್ಲಿ ತಂಪನ್ನು ಕೊಡುತ್ತವೆ. ಅವೇ ಗೋಡೆಗಳು ಈ ಅಲೆಗಳಿಗೆ ತಡೆಯೂ ಆಗುತ್ತವೆ. ಹೊಸ ಮನೆಗಳ ಕಬ್ಬಿಣದ ಸರಳುಗಳುಳ್ಳ ಕಾಂಕ್ರೀಟು ಇದಕ್ಕೆ ಕಡಮೆಯೇನಲ್ಲ. ನಡುಮನೆಯ ಮೂಲೆಯಲ್ಲಿ ರೂಟರನ್ನಿಟ್ಟು, ಮಾಳಿಗೆಯ ಕೋಣೆಯಲ್ಲಿ ಕುಳಿತು ‘ಅಂತರ್ಜಾಲ ನಿಧಾನ’ ಎಂದರೆ ದೋಷ ಜಾಲದ್ದಲ್ಲ, ಗೋಡೆಯದು. ಅಂಥ ಮನೆಯಲ್ಲಿ ರೂಟರಿನಿಂದ ಕೋಣೆಯವರೆಗೆ ಎಳೆದ ಸಾಧಾರಣವಾದ ಒಂದು ಕೇಬಲ್ಲು ದೊಡ್ಡ ಯೋಜನೆಗಿಂತ ಹೆಚ್ಚಿನ ಉಪಕಾರ ಮಾಡೀತು.

ಹಾಗಾದರೆ ಇಕ್ಕಟ್ಟು ಎಲ್ಲಿದೆಯೆಂದು ತಿಳಿಯುವುದು ಹೇಗೆ? ಊಹೆಯಿಂದಲ್ಲ, ಅಳತೆಯಿಂದ. 200 ಮೆಗಾಬಿಟ್ ಯೋಜನೆಯುಳ್ಳ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಆ ಮನೆಯ ಹುಡುಗಿಗೆ ಮಾಳಿಗೆಯ ಕೋಣೆಯಲ್ಲಿ ಪಾಠ ಸರಿಯಾಗಿ ಕೇಳಿಸುತ್ತಿಲ್ಲ. ಅವಳು ಮೊದಲು ಗಣಕಯಂತ್ರವನ್ನು ರೂಟರಿನ ಬಳಿಗೇ ಒಯ್ದು, ಒಂದು ಗಿಡ್ಡ ಕೇಬಲ್ಲಿನಿಂದ ಜೋಡಿಸಿ ವೇಗವನ್ನು ಅಳೆಯುತ್ತಾಳೆ, 190 ಬರುತ್ತದೆ. ಅನಂತರ ಅದೇ ಗಣಕಯಂತ್ರವನ್ನು ಮಾಳಿಗೆಯ ಕೋಣೆಗೆ ತಂದು ಗೋಡೆಯ ಕೇಬಲ್ಲಿಗೆ ಜೋಡಿಸುತ್ತಾಳೆ, 94 ಬರುತ್ತದೆ. ಮೂರನೆಯದಾಗಿ ಅಲ್ಲಿಯೇ ವೈಫೈಯಿಂದ ಅಳೆಯುತ್ತಾಳೆ, 12 ಮಾತ್ರ. ಹೊರಗಿನಿಂದ ಬರುವ ಪ್ರವಾಹ ಸರಿಯಾಗಿದೆ, ಗೋಡೆಯ ಕೇಬಲ್ಲಿನ ಜೋಡಿಯೊಂದು ಕೆಟ್ಟಿರಬಹುದು, ವೈಫೈಗೆ ಗೋಡೆಗಳು ಅಡ್ಡಿಯಾಗಿವೆ ಎಂಬುದನ್ನು ಈ ಮೂರು ಅಂಕೆಗಳು ತಿಳಿಸುತ್ತವೆ. ಕೇಬಲ್ಲಿನ ತುದಿಯನ್ನು ಹೊಸದಾಗಿ ಹಾಕಿಸಿದ ಮೇಲೆ ಗೋಡೆಯ ಕೇಬಲ್ಲಿನಲ್ಲೂ 190 ಬಂದರೆ ಅವಳ ಊಹೆ ಸಿದ್ಧವಾಯಿತು. ಕೆಟ್ಟ ಕೇಬಲ್ಲಿನಲ್ಲಿಯೂ ಪಾಠಕ್ಕೆ ಸಾಕಾಗುವಷ್ಟು ವೇಗವಿತ್ತು. ಅವಳಿಗೆ ತೊಡಕಾದುದು ವೈಫೈ ಎಂಬುದೂ ಇದರಿಂದಲೇ ಗೊತ್ತಾಗುತ್ತದೆ.

ರೂಟರಿನ ಬಳಿಯಲ್ಲೇ ವೇಗ 20 ಎಂದು ಬಂದಿದ್ದರೆ? ಆಗ ಗೋಡೆಯ ತಂತಿಯನ್ನು ಮುಟ್ಟಬೇಕಾದ ಕಾರಣವೇ ಇಲ್ಲ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಳೆದ ಅಂಕೆಗಳನ್ನು ದಿನಾಂಕ ಸಹಿತ ಬರೆದಿಟ್ಟು ಸೇವೆ ಒದಗಿಸುವವರ ಮುಂದಿಡಬೇಕು. ಬರಿಯ ದೂರಿಗಿಂತ ಬರೆದಿಟ್ಟ ಅಳತೆಗೆ ಬಲ ಹೆಚ್ಚು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ಅಳೆಯಬೇಕು, ಒಮ್ಮೆ ಕಂಡುದನ್ನು ಮತ್ತೊಮ್ಮೆ ಪರೀಕ್ಷಿಸಬೇಕು, ಕಂಡುದನ್ನು ಕಂಡಂತೆಯೇ ಬರೆಯಬೇಕು. ಪ್ರಯೋಗಶಾಲೆಯ ಈ ನಿಯಮಗಳೇ ನಡುಮನೆಯಲ್ಲೂ ಸಲ್ಲುತ್ತವೆ.

ಕೆಲವು ಎಚ್ಚರಿಕೆಗಳನ್ನೂ ಮರೆಯಬಾರದು. ಜಾಲದ ಕೇಬಲ್ಲನ್ನು ಮನೆಯ ವಿದ್ಯುತ್ ತಂತಿಗಳ ಕೊಳವೆಯಲ್ಲೇ ತೂರಿಸಕೂಡದು. ಅದು ಸಂಕೇತಕ್ಕೂ ಕೇಡು, ಪ್ರಾಣಕ್ಕೂ ಅಪಾಯ. ಮಾಳಿಗೆಯಿಂದ ಮಾಳಿಗೆಗೆ ತಾಮ್ರದ ಕೇಬಲ್ಲನ್ನು ಬಯಲಿನಲ್ಲಿ ಎಳೆದರೆ ಗುಡುಗು ಸಿಡಿಲಿನ ದಿನಗಳಲ್ಲಿ ಯಂತ್ರಗಳು ಸುಟ್ಟುಹೋಗಬಹುದು. ಗಾಜಿನ ಎಳೆಯ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೇಬಾರದು. ಅದರಲ್ಲಿ ಹಾಯುವ ಬೆಳಕು ಕಣ್ಣಿಗೆ ಕಾಣುವಂಥದಲ್ಲ, ಆದರೂ ಕಣ್ಣಿಗೆ ಹಾನಿ ಮಾಡಬಲ್ಲದು. ಗೋಡೆ ಕೊರೆಯುವ ಕೆಲಸವನ್ನು ಬಲ್ಲವರಿಗೇ ಬಿಡುವುದು ಮೇಲು.

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆ ಕನ್ನಡದಲ್ಲಿದೆ. ಮನೆಯ ತಂತಿಯ ತುದಿಯಲ್ಲಿ ದೋಷವನ್ನಿಟ್ಟುಕೊಂಡು ದೂರದವರನ್ನು ದೂರುವವರಿಗೆ ಈ ಮಾತು ಒಪ್ಪುತ್ತದೆ. ಆದರೆ ಕೂಸು ಯಾವಾಗಲೂ ಕಂಕುಳಲ್ಲೇ ಇರುತ್ತದೆ ಎಂದೂ ತಿಳಿಯಬಾರದು. ಮನೆಯ ತಂತಿ ಅಂತರ್ಜಾಲದ ವೇಗವನ್ನು ಕುಗ್ಗಿಸಬಲ್ಲದು. ಮನೆಗೆ ಬಂದುದಕ್ಕಿಂತ ಹೆಚ್ಚಿಸಲಾರದು. ಅದು ಕುಗ್ಗಿಸುತ್ತಿದೆಯೇ ಇಲ್ಲವೇ ಎಂಬುದನ್ನು ಮೂರು ಅಳತೆಗಳಿಂದ ತಿಳಿಯಬಹುದು. ಹಾಗೆ ತಿಳಿದುಕೊಂಡ ಮನೆಯವರು ಬೇಡವಾದ ಕಡೆ ಹಣವನ್ನು ಚೆಲ್ಲುವುದಿಲ್ಲ, ಬೇಕಾದ ಕಡೆ ಅದನ್ನು ಹಿಡಿಯುವುದೂ ಇಲ್ಲ. ತಪ್ಪಿಲ್ಲದವರ ಮೇಲೆ ತಪ್ಪನ್ನು ಹೊರಿಸುವುದಂತೂ ಇಲ್ಲ.

ಅಭ್ಯಾಸ

1. ಬಸ್ಸಿನ ವೇಗಕ್ಕೂ ಅಂತರ್ಜಾಲದ ವೇಗಕ್ಕೂ ಇರುವ ವ್ಯತ್ಯಾಸವೇನು?
2. ಕೇಬಲ್ಲಿನ ಒಳಗಿನ ತಂತಿಗಳನ್ನು ಜೋಡಿಜೋಡಿಯಾಗಿ ಹೆಣೆಯುವುದೇಕೆ?
3. ‘ತೂಬು ಕಿರಿದಾಗಿರುವಾಗ ಕಾಲುವೆಯನ್ನು ಅಗಲಿಸಿದಂತೆಯೇ ಇದು.’ ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
4. ನೀರಿನ ಕೊಳವೆಗೂ ಜಾಲದ ಕೇಬಲ್ಲಿಗೂ ಇರುವ ಹೋಲಿಕೆ ಎಲ್ಲಿಯವರೆಗೆ ಸರಿ? ಎಲ್ಲಿ ಅದು ಹೊಂದುವುದಿಲ್ಲ?
5. ಒಂದು ಮನೆಯಲ್ಲಿ ರೂಟರಿನ ಬಳಿ 48, ಗೋಡೆಯ ಕೇಬಲ್ಲಿನಲ್ಲಿ 48, ವೈಫೈಯಲ್ಲಿ 9 ಮೆಗಾಬಿಟ್ ವೇಗ ಬಂದಿದೆ. ಮನೆಯವರಿಗೆ ನೀವು ಯಾವ ಸಲಹೆ ಕೊಡುವಿರಿ? ಕಾರಣ ಸಹಿತ ಬರೆಯಿರಿ.